ಬಿಟ್ಟುಕೊಡುವ ಮಾತು

ಗಜೇಂದ್ರಗಡದ ಬೆಟ್ಟದ ಮೇಲೆ ಹಳೆಯ ಕೋಟೆಯೊಂದಿದೆ. ಬೆಟ್ಟಸಾಲಿನ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿ, ತಪ್ಪಲಿನಲ್ಲಿ ಊರು, ಊರಿನ ಓಣಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕೇಳಿಬರುವ ಕೈಮಗ್ಗದ ಸದ್ದು. ಕೋಟೆ ಎಂದೊಡನೆ ಕಾಳಗದ ನೆನಪಾಗುವುದು ಸಹಜ. ಆದರೆ ಗಜೇಂದ್ರಗಡದ ಹೆಸರು ದೇಶದ ಇತಿಹಾಸದ ಪುಟಗಳನ್ನು ಸೇರಿದ್ದು ಕಾಳಗಕ್ಕಿಂತ ಹೆಚ್ಚಾಗಿ ಒಂದು ಒಪ್ಪಂದದ ಮೂಲಕ. 1785ರಲ್ಲಿ ಮೈಸೂರಿನ ಸೈನ್ಯವು ನರಗುಂದವನ್ನು ವಶಪಡಿಸಿಕೊಂಡಿತು. ಅದರ ಬೆನ್ನಿಗೇ ಪುಣೆಯ ಮರಾಠರೂ ಹೈದರಾಬಾದಿನ ನಿಜಾಮನೂ ಒಂದಾಗಿ ಟಿಪ್ಪು ಸುಲ್ತಾನನ ಮೇಲೆ ಬಂದರು. ನಾನಾ ಫಡ್ನವೀಸನ ರಾಜಕಾರಣ, ಹರಿಪಂತ ಫಡಕೆಯ ಸೇನಾಪತ್ಯ. 1786ರಲ್ಲಿ ಬಾದಾಮಿಯ ಕೋಟೆ ಮರಾಠರ ಕೈಸೇರಿತು. ಕೊನೆಗೆ 1787ರ ಏಪ್ರಿಲ್ ತಿಂಗಳಿನಲ್ಲಿ ಸಂಧಿಯಾಯಿತು. ಗಜೇಂದ್ರಗಡದ ಒಪ್ಪಂದವೆಂದು ಹೆಸರಾದ ಆ ಸಂಧಿಯಂತೆ ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೆ, ಆದವಾನಿಯನ್ನು ನಿಜಾಮನಿಗೆ ಟಿಪ್ಪು ಬಿಟ್ಟುಕೊಟ್ಟನು.

‘ಬಿಟ್ಟುಕೊಟ್ಟನು’ ಎಂಬ ಆ ಒಂದು ಮಾತನ್ನು ಓದುಗರು ಸಾಮಾನ್ಯವಾಗಿ ಗಮನಿಸದೆ ದಾಟಿ ಮುಂದೆ ಹೋಗುತ್ತಾರೆ. ಇಸವಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಕ್ರಿಯಾಪದದ ಗೊಡವೆ ಏಕೆ? ಆದರೆ ಒಂದು ಸೀಮೆಯ ಸಾವಿರಾರು ಮನೆಗಳ ಹಣೆಬರಹ ಆ ಕ್ರಿಯಾಪದದೊಳಗೆ ಅಡಗಿದೆ. ಕೊಟ್ಟವನಿಗೆ ಅದು ಸೋಲು, ಕೊಂಡವನಿಗೆ ಗೆಲುವು. ನಡುವೆ ಕೈ ಬದಲಾದ ಊರಿನ ಒಕ್ಕಲುಮಕ್ಕಳನ್ನು ಯಾರೂ ಒಂದು ಮಾತು ಕೇಳಿದವರಲ್ಲ.

ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಗಿವ್ ಅಪ್’ ಎಂಬ ಜೋಡಿಮಾತು ತಾನಾಗಿ ಒದಗಿಬರುತ್ತದೆ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡನ್ನೂ ಕೂಡಿಸಿದರೆ ‘ಮೇಲೆ ಕೊಡು’ ಎಂದಾಗಬೇಕಷ್ಟೆ? ಹಾಗಾಗುವುದಿಲ್ಲ. ಕ್ರಿಯಾಪದದ ಹಿಂದೆ ಪುಟ್ಟದೊಂದು ಅವ್ಯಯವನ್ನು ಅಂಟಿಸಿ ಹೊಸ ಅರ್ಥವನ್ನು ಹುಟ್ಟಿಸುವುದು ಇಂಗ್ಲಿಷ್ ಭಾಷೆಯ ಬಹು ಹಳೆಯ ಅಭ್ಯಾಸ. ಅನ್ಯಭಾಷಿಕರಿಗೆ ಇಂಥ ಪದಗಳೇ ಅತ್ಯಂತ ತೊಡಕಿನವು ಎಂಬುದನ್ನು ಡಾಕ್ಟರ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಅವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಮಾತ್ರ ತೀರ ಈಚೆಗೆ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕನ ಪುಸ್ತಕದಲ್ಲಿ. ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ. ಮಗು ಹುಟ್ಟಿ ಎಂಟು ನೂರು ವರುಷಗಳಾದ ಮೇಲೆ ನಾಮಕರಣವಾಯಿತೆಂದು ಬೇಕಾದರೆ ತಮಾಷೆ ಮಾಡಬಹುದು.

ಎಂಟು ನೂರು ವರುಷವೆಂಬುದು ಉತ್ಪ್ರೇಕ್ಷೆಯಲ್ಲ. ಇಂಗ್ಲೆಂಡಿನ ಪೀಟರ್‌ಬರೋ ಎಂಬ ಊರಿನ ಮಠದಲ್ಲಿ ಸಂನ್ಯಾಸಿಗಳು ವರ್ಷವರ್ಷದ ಸಂಗತಿಗಳನ್ನು ಒಂದು ವೃತ್ತಾಂತದಲ್ಲಿ ಬರೆದಿಡುತ್ತಿದ್ದರು. ಆ ವೃತ್ತಾಂತ 1154ಕ್ಕೆ ನಿಲ್ಲುತ್ತದೆ. ಅದರ ಕೊನೆಯ ಭಾಗದಲ್ಲಿ ಸ್ಟೀಫನ್ ಎಂಬ ದೊರೆಯ ಆಳ್ವಿಕೆಯ ಅರಾಜಕತೆಯ ವರ್ಣನೆ ಬರುತ್ತದೆ. ಬಿಷಪ್ಪರು ಧರ್ಮಗುರುಗಳಾಗಿದ್ದೂ ಕೋಟೆಗಳನ್ನು ಕಟ್ಟಿಕೊಂಡು ಮೆರೆಯುತ್ತಿದ್ದ ಕಾಲವದು. ದೊರೆಯು 1139ರಲ್ಲಿ ಸಾಲ್ಸ್‌ಬರಿ ಮತ್ತು ಲಿಂಕನ್‌ಗಳ ಬಿಷಪ್ಪರನ್ನು ಹಿಡಿಸಿದನು. ತಮ್ಮ ಕೋಟೆಗಳನ್ನು ಬಿಟ್ಟುಕೊಡುವವರೆಗೆ ಅವರನ್ನು ಸೆರೆಯಲ್ಲಿಟ್ಟನೆಂದು ವೃತ್ತಾಂತಕಾರ ಹೇಳುತ್ತಾನೆ. ‘ಗಿವ್ ಅಪ್’ ಎಂಬ ಜೋಡಿಮಾತು ಬರವಣಿಗೆಯಲ್ಲಿ ದೊರೆಯುವ ಅತಿ ಹಳೆಯ ಪ್ರಯೋಗಗಳಲ್ಲಿ ಅದೂ ಒಂದು. ಆಗ ಅದರ ಕಾಗುಣಿತವೂ ಉಚ್ಚಾರವೂ ಬೇರೆ. ಆದರೆ ಮಾತು ಅದೇ. ಎಲ್ಲಿಯ ಪೀಟರ್‌ಬರೋ, ಎಲ್ಲಿಯ ಗಜೇಂದ್ರಗಡ! ಆದರೂ ಆ ಮಾತಿನ ಹುಟ್ಟಿನ ಮನೆ ಕೋಟೆಯೇ ಎಂಬುದನ್ನು ಕಂಡಾಗ ಗಡದ ನಾಡಿನವರಿಗೆ ಬೆರಗಾಗದಿರದು.

ಅದಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಈ ಕೆಲಸವನ್ನು ಕ್ರಿಯಾಪದದ ಮುಂದೆ ಅಂಟುವ ಉಪಸರ್ಗವೊಂದು ಮಾಡುತ್ತಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಅಂಥ ಉಪಸರ್ಗಗಳು ಸವೆದುಹೋಗಿ, ಕ್ರಿಯಾಪದದ ಹಿಂದೆ ನಿಲ್ಲುವ ‘ಅಪ್’, ‘ಔಟ್’, ‘ಆಫ್’ಗಳು ಆ ಹೊಣೆಯನ್ನು ಹೊತ್ತವು. ‘ಅಪ್’ ಎಂಬುದು ದಿಕ್ಕಿನ ಅರ್ಥವನ್ನು ಅಲ್ಲಲ್ಲಿ ತೊರೆದು, ‘ಪೂರ್ತಿಯಾಗಿ’ ಎಂಬ ಅರ್ಥವನ್ನು ತಾಳಿತು. ‘ಈಟ್ ಅಪ್’ ಎಂದರೆ ಮೇಲಕ್ಕೆ ತಿನ್ನುವುದಲ್ಲ. ತಟ್ಟೆಯಲ್ಲಿ ಏನೂ ಉಳಿಯದಂತೆ ತಿಂದುಬಿಡುವುದು. ಇಲ್ಲಿ ಕನ್ನಡಿಗನು ಒಂದು ಗಳಿಗೆ ನಿಲ್ಲಬೇಕು. ‘ತಿಂದುಬಿಡು’, ‘ಸುಟ್ಟುಬಿಡು’, ‘ಮುಗಿಸಿಬಿಡು’ ಎನ್ನುವಾಗ ಕನ್ನಡದ ‘ಬಿಡು’ ಮಾಡುವ ಕೆಲಸವೂ ಅದೇ ಅಲ್ಲವೆ? ಅಲ್ಲಿ ಯಾರೂ ಏನನ್ನೂ ಕೈಯಿಂದ ಬಿಡುವುದಿಲ್ಲ. ಕ್ರಿಯೆ ಇನ್ನು ಹಿಂದಿರುಗದಂತೆ ಮುಗಿಯಿತೆಂದು ಆ ಪದ ಸಾರುತ್ತದೆ. ಇಂಗ್ಲಿಷ್ ಅವ್ಯಯದಿಂದ ಸಾಧಿಸಿದುದನ್ನು ಕನ್ನಡ ಇನ್ನೊಂದು ಕ್ರಿಯಾಪದದಿಂದ ಸಾಧಿಸಿದೆ.

‘ಗಿವ್ ಅಪ್’ ಕೋಟೆಯ ಬಾಗಿಲನ್ನು ದಾಟಿ ಹೊರಬಂದ ಮೇಲೆ ಅದರ ಸಂಸಾರ ಬೆಳೆಯಿತು. ಕೋಟೆಯನ್ನು ಬಿಟ್ಟುಕೊಟ್ಟಂತೆ ಅಧಿಕಾರವನ್ನು, ಅಪರಾಧಿಯನ್ನು, ಗುಟ್ಟನ್ನು ಬಿಟ್ಟುಕೊಡುವುದೂ ಅದೇ ಮಾತಾಯಿತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಪ್ರಾಣ ಬಿಡುವುದಕ್ಕೆ ಇದೇ ಪದ ಬಂದಿದೆ. ರೋಗಿ ಬದುಕುವ ಆಸೆಯಿಲ್ಲವೆಂದು ವೈದ್ಯರು ಹೇಳುವುದಕ್ಕೂ, ಚಟವನ್ನು ತೊರೆಯುವುದಕ್ಕೂ, ಕೊನೆಗೆ ಕರ್ಮಪದದ ಹಂಗೂ ಇಲ್ಲದೆ, ಪ್ರಯತ್ನವನ್ನೇ ಕೈಚೆಲ್ಲಿ ಕುಳಿತುಕೊಳ್ಳುವುದಕ್ಕೂ ಅದೇ ಮಾತು ಸಾಕಾಯಿತು. ಫ್ರೆಂಚಿನಿಂದಲೂ ಲ್ಯಾಟಿನ್ನಿನಿಂದಲೂ ‘ಸರೆಂಡರ್’, ‘ರಿಸೈನ್’, ‘ಅಬಾಂಡನ್’ ಮುಂತಾದ ಗಂಭೀರ ಶಬ್ದಗಳು ಬಂದು ಪಕ್ಕದಲ್ಲಿ ಕುಳಿತರೂ ಈ ಮನೆಯ ಮಾತು ಜಗ್ಗಲಿಲ್ಲ. ಕನ್ನಡದಲ್ಲಿ ‘ತ್ಯಜಿಸು’, ‘ಸಮರ್ಪಿಸು’ ಎಂಬ ಸಂಸ್ಕೃತ ಶಬ್ದಗಳು ಬಂದ ಮೇಲೂ ‘ಬಿಡು’ ಜಗ್ಗಲಿಲ್ಲವಷ್ಟೆ.

ಆ ‘ಬಿಡು’ವಿನ ಹಿರಿಮೆಯನ್ನು ಅರಿಯಬೇಕಾದರೆ ಶಾಸನಗಳ ಕಡೆಗೆ ತಿರುಗಬೇಕು. ಬಾದಾಮಿಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಕಾಲದ, ಎಂದರೆ ಆರನೆಯ ಶತಮಾನದ, ಚಿಕ್ಕ ಕನ್ನಡ ಶಾಸನವೊಂದಿದೆ. ಅಲ್ಲಿ ದಾನಕ್ಕೆ ಬಳಸಿರುವ ಮಾತು ‘ಇತ್ತೊದು’, ಎಂದರೆ ಕೊಟ್ಟದ್ದು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ, ದಾನಶಾಸನಗಳಲ್ಲಿ ‘ಬಿಟ್ಟ’ ಎಂಬ ಪದ ಮತ್ತೆ ಮತ್ತೆ ಕಾಣುತ್ತದೆ. ಗಜೇಂದ್ರಗಡದ ನೆರೆಯ ಸೂಡಿ ಆ ಕಾಲದಲ್ಲಿ ಗುಡಿಗಳಿಂದಲೂ ಶಾಸನಗಳಿಂದಲೂ ಮೆರೆದ ಊರು. ಅಕ್ಕಾದೇವಿಯಂತಹ ರಾಜಮಹಿಳೆಯ ಹೆಸರು ಅಲ್ಲಿನ ಶಾಸನದಲ್ಲಿದೆ. ಆ ಕಾಲದ ಅರಸರೂ ಅಧಿಕಾರಿಗಳೂ ದೇವರಿಗೆ ಭೂಮಿಯನ್ನು ‘ಧಾರಾಪೂರ್ವಕಂ ಮಾಡಿ’ ಬಿಡುತ್ತಿದ್ದರು. ಕೈಯ ಮೇಲೆ ನೀರೆರೆದು ಬಿಟ್ಟ ಮೇಲೆ ಅದು ದೇವರದು; ಬಿಟ್ಟವನು ಅದರ ಮೇಲೆ ಮತ್ತೆ ಕೈಯಿಡುವಂತಿಲ್ಲ. ‘ಸುಂಕವಂ ಬಿಟ್ಟರ್’ ಎಂದಿದ್ದರೆ ವರ್ತಕರಿಗೆ ಸುಂಕ ಮಾಫಿಯಾಯಿತೆಂದು ಹಿಗ್ಗುವಂತಿಲ್ಲ. ಎಷ್ಟೋ ಕಡೆ ಅದರ ಅರ್ಥ, ಆ ಸುಂಕದ ಹುಟ್ಟುವಳಿ ಇನ್ನು ಮೇಲೆ ಗುಡಿಗೆ ಸಲ್ಲುವುದೆಂದು ಮಾತ್ರ. ತೆರುವವನು ತೆರುತ್ತಲೇ ಇದ್ದನು.

ಹೀಗೆ ಒಂದೇ ‘ಬಿಡು’ ಒಂದು ಕಡೆ ದಾನವೂ ಇನ್ನೊಂದು ಕಡೆ ಸೋಲೂ ಆಗಿದೆ. ದಾನಿಯೂ ಭೂಮಿಯನ್ನು ಬಿಡುತ್ತಾನೆ, ಸೋತವನೂ ಬಿಡುತ್ತಾನೆ. ಗಜೇಂದ್ರಗಡದ ಸಂಧಿಯಲ್ಲಿ ನೀರೆರೆದವರಿಲ್ಲ, ಹಿಂದೆ ಫಿರಂಗಿಗಳಿದ್ದವು. ಮಾತು ಮಾತ್ರ ಬದಲಾಗಲಿಲ್ಲ. ಕಡ್ಡಾಯವನ್ನು ಔದಾರ್ಯದ ಉಡುಪಿನಲ್ಲಿ ತೋರಿಸುವ ಈ ಗುಣ ರಾಜಕಾರಣಕ್ಕೆ ಬಹಳ ಅನುಕೂಲವಾದುದು.

ಆದರೆ ಕನ್ನಡ ಎಲ್ಲವನ್ನೂ ಈ ಒಂದೇ ಗೋಣಿಯಲ್ಲಿ ತುಂಬುವುದಿಲ್ಲ ಎಂಬುದನ್ನೂ ಹೇಳಬೇಕು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ತನ್ನ ಅರ್ಧ ರಾಜ್ಯವನ್ನು ಕಳೆದುಕೊಂಡನು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಲು ಒಪ್ಪಿದನು. ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ವಶಕ್ಕೆ ಕಳುಹಿಸಿದನು. ಇಂಗ್ಲಿಷಿನಲ್ಲಿ ರಾಜ್ಯಕ್ಕೂ ಮಕ್ಕಳಿಗೂ ‘ಗಿವ್ ಅಪ್’ ಎಂದರೆ ನಡೆದೀತು. ಕನ್ನಡದಲ್ಲಿ ರಾಜ್ಯವನ್ನು ಬಿಟ್ಟುಕೊಟ್ಟನು, ಹಣವನ್ನು ತೆತ್ತನು, ಮಕ್ಕಳನ್ನು ಒತ್ತೆಯಿಟ್ಟನು. ಮಕ್ಕಳನ್ನು ‘ಬಿಟ್ಟುಕೊಟ್ಟನು’ ಎಂದು ಬರೆದರೆ ತಂದೆಯ ಕರುಳಿನ ನೋವು ಆ ವಾಕ್ಯದಿಂದ ಹೊರಟುಹೋಗುತ್ತದೆ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದು, ಮುಧೋಳದ ಕಡೆಯ ಹಲಗಲಿಯ ಬೇಡರಿಗೆ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಅದು ‘ಒಪ್ಪಿಸು’, ಕೇಳುವವನು ಮೇಲೆ ನಿಂತಿದ್ದಾನೆ, ಕೊಡುವವನು ಕೆಳಗೆ. ಬೇಡರು ಒಪ್ಪಿಸಲಿಲ್ಲ. ಆ ನಿರಾಕರಣೆಗೆ ಅವರು ತೆತ್ತ ಬೆಲೆಯನ್ನು ಲಾವಣಿಕಾರರು ಹಾಡಿದ್ದಾರೆ. ಮರುವರ್ಷ ನರಗುಂದದ ಬಾಬಾಸಾಹೇಬನೂ ಸಿಡಿದೆದ್ದನು. ಗಜೇಂದ್ರಗಡದ ಸಂಧಿಯಲ್ಲಿ ಕೈಯಿಂದ ಕೈಗೆ ದಾಟಿದ ನರಗುಂದ, ಎಪ್ಪತ್ತು ವರ್ಷಗಳ ತರುವಾಯ ತಾನೇ ಬಿಟ್ಟುಕೊಡಲಾರೆನೆಂದು ನಿಂತಿತು.

ದಿನಬಳಕೆಯಲ್ಲಿ ಈ ಮಾತಿನ ನಿಷೇಧರೂಪಕ್ಕೆ ಇರುವ ಗೌರವವೂ ಸಣ್ಣದಲ್ಲ. ‘ಏನು ಕೇಳಿದರೂ ಗುಟ್ಟು ಬಿಟ್ಟುಕೊಡಲಿಲ್ಲ’, ‘ಕಷ್ಟಕಾಲದಲ್ಲಿಯೂ ಗೆಳೆಯನನ್ನು ಬಿಟ್ಟುಕೊಡಲಿಲ್ಲ’ ಎನ್ನುವಾಗ ಮೆಚ್ಚುಗೆ ಇದೆ. ‘ಅಣ್ಣತಮ್ಮಂದಿರು ಸ್ವಲ್ಪ ಬಿಟ್ಟುಕೊಟ್ಟು ಬಾಳಬೇಕು’ ಎಂದು ಹಿರಿಯರು ಹೇಳುವಾಗಲೂ ಮೆಚ್ಚುಗೆಯೇ ಇದೆ. ಆಶೆ ಬತ್ತಿದಾಗ ಬರುವ ಮಾತು ಬೇರೆ: ವೈದ್ಯರು ರೋಗಿಯನ್ನು ‘ಕೈಬಿಡುತ್ತಾರೆ’.

ಭಾರತ ಸರ್ಕಾರವು 2015ರಲ್ಲಿ ಅನುಕೂಲಸ್ಥರಿಗೆ ಅಡಿಗೆ ಅನಿಲದ ಸಹಾಯಧನವನ್ನು ಬಿಡಿರೆಂದು ಕರೆಯಿತ್ತಾಗ, ಆ ಅಭಿಯಾನಕ್ಕೆ ಇಟ್ಟ ಹೆಸರು ‘ಗಿವ್ ಇಟ್ ಅಪ್’ ಎಂಬುದು. ಸೆರೆಮನೆಯಲ್ಲಿ ಬಿಷಪ್ಪರ ಬಾಯಿಂದ ಹೊರಡಿಸಿದ ಮಾತು ಈಗ ಗೃಹಸ್ಥರ ಅಡಿಗೆಮನೆಗೆ ಬಿನ್ನಹವಾಗಿ ಬಂದಿತು. ಮರುವರ್ಷದ ಏಪ್ರಿಲ್ ವೇಳೆಗೆ ಒಂದು ಕೋಟಿ ಮಂದಿ ಬಿಟ್ಟಿದ್ದರು. ಕನ್ನಡದಲ್ಲಿ ಅದು ‘ಸಬ್ಸಿಡಿ ಬಿಟ್ಟುಕೊಡಿ’ ಎಂದಾಯಿತು. ಬಿಟ್ಟದ್ದು ಬಡವರ ಒಲೆಗೆ ಹೋಗುವುದೆಂಬ ಭರವಸೆಯಿದ್ದುದರಿಂದ, ಇಂಗ್ಲಿಷಿಗಿಂತಲೂ ಕನ್ನಡದ ಮಾತೇ ಅಲ್ಲಿ ಹೆಚ್ಚು ಒಪ್ಪುತ್ತಿತ್ತು. ಏಕೆಂದರೆ ಬಿಟ್ಟುಕೊಡುವುದರೊಳಗೆ ‘ಕೊಡು’ ಇದೆ, ಕೊಡುವುದಕ್ಕೆ ಕೊಳ್ಳುವವನು ಇರಬೇಕು. ‘ಗಿವ್ ಅಪ್’ನಲ್ಲಿಯೂ ‘ಗಿವ್’ ಇದೆಯಾದರೂ ಕಾಲಕ್ರಮದಲ್ಲಿ ಅದು ಕೊಳ್ಳುವವನನ್ನು ಮರೆತಿದೆ.

ಗಜೇಂದ್ರಗಡದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರು ಒಮ್ಮೆ ‘ಗಿವ್ ಅಪ್’ ಇರುವ ಮೂರು ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಕನ್ನಡಿಸಿಕೊಂಡು ಬರಲು ಹೇಳಿದರು. ಟಿಪ್ಪು ಬಾದಾಮಿಯನ್ನು ಕೊಟ್ಟದ್ದು ಒಂದು. ವೈದ್ಯರು ರೋಗಿಯ ಆಸೆ ತೊರೆದದ್ದು ಇನ್ನೊಂದು. ಮುದುಕನೊಬ್ಬ ನೇಯ್ಗೆಯನ್ನು ನಿಲ್ಲಿಸಿದ್ದು ಮೂರನೆಯದು. ನೇಕಾರರ ಓಣಿಯ ಹುಡುಗನೊಬ್ಬ ಮೊದಲನೆಯದಕ್ಕೆ ‘ಬಿಟ್ಟುಕೊಟ್ಟನು’ ಎಂದು ಬರೆದು, ಅದೇ ಮಾತನ್ನು ಮೂರಕ್ಕೂ ಹಾಕಲು ಹೊರಟನು. ಮೂರನೆಯ ವಾಕ್ಯಕ್ಕೆ ಬಂದಾಗ ಅವನಿಗೆ ಅನುಮಾನ ಹುಟ್ಟಿತು. ಅವನ ಅಜ್ಜನೇ ಕುಣಿಮಗ್ಗದಲ್ಲಿ ಐವತ್ತು ವರುಷ ಕುಳಿತು ಎದ್ದವನು.

“ಅಜ್ಜಾ, ನೀ ಮಗ್ಗ ಬಿಟ್ಟುಕೊಟ್ಟಿ ಏನು?” ಎಂದು ಹುಡುಗ ಕೇಳಿದನು.

ಮುದುಕ ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡನು. “ಬಿಟ್ಟುಕೊಟ್ಟಿಲ್ಲೋ ತಮ್ಮಾ, ಬಿಟ್ಟೆ. ಬಿಟ್ಟುಕೊಡಾಕ ತಗೊಳ್ಳಾವ ಒಬ್ಬ ಬೇಕಲ್ಲ? ನಮ್ಮಪ್ಪ ನನಗ ಕೊಟ್ಟಿದ್ದ. ನಿಮ್ಮಪ್ಪ ಬ್ಯಾಡ ಅಂದ. ನೀ ಸಾಲಿಗಿ ಹೊಂಟಿ.”

“ಹಂಗಾದ್ರ ಲಾಳಿ ಯಾಕ ಇಟ್ಟೀಯಜ್ಜಾ, ಮಾಡದಾಗ?”

“ಇರ್ಲಿ ಬಿಡು” ಎಂದನು ಮುದುಕ.

ಹುಡುಗ ಮಾಡದಲ್ಲಿದ್ದ ಲಾಳಿಯನ್ನು ತೆಗೆದುಕೊಂಡನು. ಮರ ಕೈಯುಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾಗಿತ್ತು. ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ನೋಡಿ ಇದ್ದಲ್ಲಿಯೇ ಇಟ್ಟನು.

ಮರುದಿನ ಮಾಸ್ತರರು ವಹಿಗಳನ್ನು ತಿದ್ದುವಾಗ ಆ ಹುಡುಗನ ವಹಿಯ ಮೂರನೆಯ ವಾಕ್ಯದಲ್ಲಿ ‘ಬಿಟ್ಟುಕೊಟ್ಟನು’ ಎಂಬುದರ ಕೊನೆಯ ಮೂರಕ್ಷರದ ಮಾತನ್ನು ಗೀಟೆಳೆದು ಹೊಡೆದುಹಾಕಿ, ‘ಅವನು ನೇಯುವುದನ್ನು ಬಿಟ್ಟನು’ ಎಂದು ತಿದ್ದಿದ್ದುದು ಕಂಡಿತು. ಏಕೆ ತಿದ್ದಿದೆ ಎಂದು ಅವರು ಕೇಳಿದರು. “ತಗೊಳ್ಳಾವ್ರು ಇರಲಿಲ್ರಿ, ಸರ್” ಎಂದು ಹುಡುಗ ಹೇಳಿದನು. ಮಾಸ್ತರರು ಸರಿ ಎಂಬ ಗುರುತು ಹಾಕಿ, ಎದುರಿಗಿದ್ದ ಮುಂದಿನ ವಹಿಯನ್ನು ತೆರೆದರು.