ಹುಟ್ಟಿದ ದಿನ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿಗಳ ಪಟ್ಟಿಕೆಗಳಿಗೆ ಮೇಲೆ ರಾವುತರ ಸಾಲೊಂದಿದೆ. ಕುಣಿಗಲ್ಲಿನ ಅಶ್ವಶಾಲೆಯಲ್ಲಿ ಬಹುಕಾಲ ದುಡಿದ ವೃದ್ಧರೊಬ್ಬರು ಒಂದು ಸಂಜೆ ನನ್ನೊಡನೆ ಅದನ್ನು ನೋಡುತ್ತ ನಿಂತು, "ಮೇಷ್ಟ್ರೇ, ಈ ಕುದುರೆಗಳಿಗೆ ವಯಸ್ಸೇ ಇಲ್ಲ, ನಮ್ಮವಕ್ಕೆಲ್ಲ ಜನವರಿ ಒಂದನೆಯ ತಾರೀಕೇ ಹುಟ್ಟಿದ ದಿನ" ಎಂದು ನಕ್ಕರು.

ವಿನೋದವೆಂದು ಭಾವಿಸಿದೆನು. ಆದರೆ ಅದು ನಿಯಮವೇ ಅಹುದು. ಪಂದ್ಯದ ಥರೋಬ್ರೆಡ್ ಕುದುರೆಯ ತಂದೆತಾಯಿಗಳ ವಂಶವು ದಾಖಲೆಯ ಪುಸ್ತಕದಲ್ಲಿ ಸೇರಿರಬೇಕು. ಅದು ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1 ಬಂದೊಡನೆ ವಯಸ್ಸಿಗೆ ಒಂದು ವರ್ಷ ಕೂಡುವುದು. ಆಸ್ಟ್ರೇಲಿಯದಲ್ಲಿ ಆ ದಿನ ಆಗಸ್ಟ್ 1. ಇಂಗ್ಲೆಂಡಿನ ಎಪ್ಸಮ್ಮಿನಲ್ಲಿ 1780ರಲ್ಲಿ ಮೊದಲಾದ ಡರ್ಬಿಗೆ ಮೂರು ವರ್ಷದವು ಮಾತ್ರ ಅರ್ಹ. ಮುಂಬಯಿಯಲ್ಲಿ 1943ರಲ್ಲಿ ಮೊದಲಾದ ಇಂಡಿಯನ್ ಡರ್ಬಿಗೆ ನಾಲ್ಕು ವರ್ಷದವು. ಆ ವರ್ಷ ಕಳೆದರೆ ಆ ಬಾಗಿಲು ಮತ್ತೆ ತೆರೆಯದು. ಕುದುರೆಯ ಗರ್ಭ ಸುಮಾರು 11 ತಿಂಗಳು. ಆದಕಾರಣ ವರ್ಷದ ಆದಿಯಲ್ಲಿ ಮರಿಯಾಗುವಂತೆ ಸಾಕುವವರು ಲೆಕ್ಕ ಹಾಕುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಯು ಕೆಲವೇ ದಿನಗಳಲ್ಲಿ ಒಂದು ವರ್ಷದ್ದೆನಿಸಿ, ತನಗಿಂತ ತಿಂಗಳುಗಟ್ಟಲೆ ಹಿರಿಯವಾದವುಗಳೊಡನೆ ಓಡಬೇಕು.

"ಪಾಪ, ಆ ಮರಿಯ ತಪ್ಪೇನು?" ಎಂದೆನು.

"ಮರಿಯದೇನೂ ಇಲ್ಲ ಸ್ವಾಮಿ. ಆದರೆ ಸಾಕಿದವರಿಗೆ ನಿಯಮ ಮೊದಲೇ ಗೊತ್ತಿತ್ತಲ್ಲ!"

ಆ ಮಾತು ನನ್ನ ಎದೆಗೆ ನಾಟಿತು. ನಾನು ಉಪಾಧ್ಯಾಯನಾಗಿದ್ದಾಗ ರೈತರೊಬ್ಬರು ಮಗನನ್ನು ಶಾಲೆಗೆ ಕರೆತಂದರು. ಹುಟ್ಟಿದ ದಿನ ಕೇಳಿದೆನು. "ರಾಗಿ ಕುಯ್ಲು ಮುಗಿದಿತ್ತು, ಕಣದಲ್ಲಿ ಮೆದೆ ಹಾಕಿದ್ದೆವು" ಎಂದರು. ಡಿಸೆಂಬರ್ ಇರಬೇಕೆಂದು ನನಗೆ ಹೊಳೆಯಿತು. ಆದರೆ ವಯಸ್ಸು ಸಾಲದೆ ಹುಡುಗನು ಹಿಂದಿರುಗಬಾರದೆಂದು, ಇತರ ಅನೇಕರಿಗೆ ಬರೆದಂತೆ ಅವನಿಗೂ ಜೂನ್ 1 ಎಂದು ಬರೆದೆನು. ಉಪಕಾರವೆಂದೇ ಬರೆದೆನು.

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ಬಳಿಕ ಅವನು ಒಂದು ಉದ್ಯೋಗಕ್ಕೆ ಅರ್ಜಿ ಹಾಕಿದನು. ವಯೋಮಿತಿ ನಾಲ್ಕು ತಿಂಗಳು ಮೀರಿತ್ತು. ನಿಜವಾಗಿ ಅವನಿಗಿನ್ನೂ ಎರಡು ತಿಂಗಳ ಅವಧಿಯಿತ್ತು. "ಹಣೆಯಲ್ಲಿ ಬರೆದಿರಲಿಲ್ಲ ಬಿಡಿ, ಮೇಷ್ಟ್ರೇ" ಎಂದು ತಂದೆಯೇ ನನ್ನನ್ನು ಸಮಾಧಾನಪಡಿಸಿದರು. ಬರೆದವನು ನಾನು, ಅವರಿಗೆ ಅದು ತಿಳಿಯದು. ನಾನೂ ಹೇಳಲಿಲ್ಲ.

ಅನುಕೂಲಕ್ಕಾಗಿ ದಿನವೊಂದನ್ನು ಗೊತ್ತುಮಾಡುವುದು ಅನ್ಯಾಯವಲ್ಲ. ಓಡುವವರ ಪರವಾಗಿ ನಿಂತವರಿಗೆ ಅದು ಮೊದಲೇ ತಿಳಿದಿರಬೇಕು, ಅಷ್ಟೆ. ಕುದುರೆಯ ಒಡೆಯನಿಗೆ ಸಿಕ್ಕಿದ ಆ ತಿಳಿವನ್ನು ನಾನು ಒಬ್ಬ ತಂದೆಗೆ ಕೊಡಲಿಲ್ಲ. ಅವರಿಗೆ ಹೇಳಬೇಕಾಗಿದ್ದುದನ್ನು, ತಡವಾಗಿಯಾದರೂ, ಇಲ್ಲಿ ಬರೆದಿದ್ದೇನೆ.