ಎಂಟು ಕಾಲು, ಕಾಲು ಬೆಲೆ

ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಮೇಜಿನ ದೀಪ ಹಾಕಿ ಪುಟ್ಟ ಡಬ್ಬಿಯೊಂದನ್ನು ತೆರೆಯುತ್ತೇನೆ. ಒಳಗಿರುವುದು ಹೆಬ್ಬೆರಳ ಉಗುರಿನಗಲದ ಕಂಚಿನ ಬಿಲ್ಲೆ. ಕ್ರಿ.ಪೂ. 5ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಕ್ಯೂಸ್‌ ಗ್ರೀಕರು ಟಂಕಿಸಿದ ಚಿಲ್ಲರೆ ಕಾಸು. ಒಂದು ಬದಿಗೆ ಅರೆಥೂಸಾಳ ಮುಖ. ಊರಿನ ಸಿಹಿನೀರ ಚಿಲುಮೆಗೆ ಅವಳೇ ದೇವತೆ. ಕಡಲಿನ ಪಕ್ಕದಲ್ಲೇ ಆ ಚಿಲುಮೆ ಇಂದಿಗೂ ಇದೆ. ತಿರುಗಿಸಿದರೆ ಆಕ್ಟೋಪಸ್. ಭೂತಗನ್ನಡಿ ಹಿಡಿದು ನೋಡಬೇಕು: ಒಂದೊಂದು ಕಾಲೂ ಒಂದೊಂದು ಬಗೆಯಲ್ಲಿ ಸುರುಳಿ ಸುತ್ತಿದೆ, ನೀರಿನಿಂದ ಈಗಷ್ಟೇ ಎತ್ತಿದ ಹಾಗೆ.

ಆ ಗ್ರೀಕರ ನಾಣ್ಯದ ಲೆಕ್ಕದಲ್ಲಿ 12 ಒಂಕಿಯಾಗೆ ಒಂದು ಲಿತ್ರಾ. ಕಾಲುಗಳ ನಡುವೆ ಉಬ್ಬಿರುವ 3 ಚುಕ್ಕಿಗಳೆಂದರೆ 3 ಒಂಕಿಯಾ, ಅಂದರೆ ಕಾಲು ಲಿತ್ರಾ. ಎಂಟು ಕಾಲಿನ ಪ್ರಾಣಿಗೆ ಕಾಲು ಬೆಲೆ! ಕನ್ನಡದ ಕಿವಿಗೆ ತಾನಾಗಿ ಒದಗಿದ ಶ್ಲೇಷೆ ಇದು. ಅಚ್ಚು ಕೆತ್ತಿದವನಿಗೆ ಹೇಳಿದ್ದರೆ ಖುಷಿಪಡುತ್ತಿದ್ದನೇನೋ, ಗ್ರೀಕರ ಊರುಗಳಿಗೂ ಇಂಥ ಆಟ ಬಲು ಇಷ್ಟ. ಸೆಲಿನೋನ್ ಎಂದರೆ ಕಾಡು ಸೆಲರಿ ಸೊಪ್ಪು. ಸೆಲಿನೂಸ್ ಊರಿನ ನಾಣ್ಯದ ಮೇಲೆ ಅದರ ಎಲೆ. ರೋಡ್ಸ್‌ ನಾಣ್ಯಕ್ಕೆ ಗುಲಾಬಿ, ಸೀಡೆಯದಕ್ಕೆ ದಾಳಿಂಬೆ: ಅಲ್ಲೂ ಊರಿನ ಹೆಸರಿನದೇ ಆಟ. ಊರಿನ ಹೆಸರು ಓದಲು ಬಾರದವರೂ ಚಿತ್ರ ನೋಡಿ ಊರು ಹೇಳಬಹುದಿತ್ತು.

ಸಿರಕ್ಯೂಸ್‌ನ ದೊಡ್ಡ ಬೆಳ್ಳಿ ನಾಣ್ಯಗಳನ್ನು ಎಲ್ಲರೂ ಹೊಗಳುತ್ತಾರೆ. ಕಿಮೋನ್, ಯೂವೈನೆಟೋಸ್‌ರಂಥ ಕುಶಲಿಗಳು ಆ ಅಚ್ಚುಗಳಲ್ಲಿ ತಮ್ಮ ಹೆಸರನ್ನೂ ಕೆತ್ತಿದರು. ನನಗೆ ಮಾತ್ರ ಈ ಹೆಸರಿಲ್ಲದ ಕೈಯೇ ಹೆಚ್ಚು. ಚಿಲ್ಲರೆ ಕಾಸಿಗೂ ಅವನು ಇಷ್ಟು ಶ್ರದ್ಧೆ ಸುರಿದಿದ್ದಾನೆ.

ನಮ್ಮ ಮನೆಯಲ್ಲಿ ತಾಮ್ರ, ಕಂಚು ಅಂದರೆ ಹುಣಸೆಹಣ್ಣು ತಿಕ್ಕಿ ಫಳಫಳ ಬೆಳಗುವುದೇ ರೂಢಿ. ಈ ನಾಣ್ಯಕ್ಕೆ ಹುಣಸೆಹುಳಿ ಸೋಕಿಸಬಾರದು. ಮಣ್ಣೊಳಗೆ ಕಟ್ಟಿಕೊಂಡ ಕಡುಹಸಿರು ಪದರವೇ ಇದರ ಚರ್ಮ. ಅರೆಥೂಸಾಳ ಕೂದಲೆಳೆ ಉಳಿದಿರುವುದು ಅದರಲ್ಲಿ. ಭಟ್ಟಿ ಇಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಸಿ, ಮುಳ್ಳಿನ ಮೊನೆಯಿಂದ ಚೂರುಚೂರೇ ಮಣ್ಣು ಬಿಡಿಸಿದ್ದೇನೆ. ಮಳೆಗಾಲ ಬಂದರೆ ಭಯ. ಕ್ಲೋರೈಡ್ ಸೇರಿದ ಕಂಚಿಗೆ ತೇವ ತಾಗಿದರೆ ತಿಳಿಹಸಿರು ಪುಡಿಯೇಳುತ್ತದೆ, ಒಳಗಿಂದೊಳಗೇ ತಿನ್ನುತ್ತದೆ. ಆಗ ದಿನಾ ತೆಗೆದು ನೋಡುತ್ತೇನೆ.

ದೀಪ ಆರಿಸಿ ಕತ್ತಲಲ್ಲಿ ಹೆಬ್ಬೆರಳಿಂದ ಚುಕ್ಕಿ ಹುಡುಕುತ್ತೇನೆ. ಎರಡು ಸಿಗುತ್ತವೆ. ಮೂರನೆಯದು ಯಾರ ಯಾರದೋ ಬೆರಳಿಗೆ ಸವೆದುಹೋಗಿದೆ.