ಮೇಷ್ಟರ ಉಯಿಲು

ದೀಪ ಹಚ್ಚುವ ಹೊತ್ತಿನಲ್ಲಿ ಸಾವಿನ ಮಾತೇಕೆ ಎಂದು ಗದರಿಸುವ ಹಿರಿಯರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಆಸ್ತಿಯ ಕಡೆಯ ಏರ್ಪಾಟಿಗೆ ಕನ್ನಡದಲ್ಲಿರುವ ಹೆಸರುಗಳೂ ಅವರ ಭಯಕ್ಕೆ ತಕ್ಕಂತೆಯೇ ಇವೆ: ಒಂದು ಕಡೆ ಮೃತ್ಯುಪತ್ರ, ಇನ್ನೊಂದು ಕಡೆ ಮರಣಶಾಸನ. ಇಂಗ್ಲಿಷಿನ ‘ವಿಲ್’ ಶಬ್ದ ಮಾತ್ರ ಕನ್ನಡಿಗರ ನಾಲಗೆಯ ಮೇಲೆ ಹೊರಳಿ ಉಯಿಲೆಂದು ಮೆತ್ತಗಾಯಿತು. ಉಳಿದೆರಡರಲ್ಲಿ ಯಮನ ಕೋಣದ ಗಂಟೆ ಇನ್ನೂ ಕೇಳಿಸುತ್ತದೆ.

ಚಿತ್ರದುರ್ಗದ ನಿವೃತ್ತ ಹೈಸ್ಕೂಲು ಮೇಷ್ಟರೊಬ್ಬರು ಎಪ್ಪತ್ತೆಂಟು ತುಂಬುವವರೆಗೂ ಈ ಮೂರರಲ್ಲಿ ಒಂದನ್ನೂ ಬಾಯಿಗೆ ತಂದವರಲ್ಲ. ಅವರಿಗಿದ್ದದ್ದು ದೊಡ್ಡ ಆಸ್ತಿಯೇನಲ್ಲ. ದುರ್ಗದಲ್ಲಿ ಸಂಬಳದಿಂದ ಉಳಿಸಿ ಕಟ್ಟಿಸಿದ ಮನೆ, ಹೊಸದುರ್ಗದ ಬಳಿ ಕೊಂಡ ಒಂದೆಕರೆ ತೆಂಗು, ಹಿರಿಯೂರಿನಲ್ಲೊಂದು ನಿವೇಶನ, ಹೊಳಲ್ಕೆರೆಯಲ್ಲಿ ಅವಿಭಕ್ತ ಕುಟುಂಬದಿಂದ ಬಂದ ಅಡಿಕೆಯ ತೋಟ. ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದರು. ಗಂಡನನ್ನು ಕಳೆದುಕೊಂಡು ತೌರಿಗೆ ಮರಳಿದ ಮಗಳು ಹನ್ನೆರಡು ವರ್ಷಗಳಿಂದ ಅಡಿಗೆ, ಔಷಧಿ, ತಾಯಿಯ ಕೊನೆಯ ದಿನಗಳ ಶುಶ್ರೂಷೆ ಎಲ್ಲವನ್ನೂ ಒಬ್ಬಳೇ ಹೊತ್ತವಳು. ಮನೆ ಅವಳಿಗೇ ಎಂದು ಮೇಷ್ಟರು ಮನಸ್ಸಿನಲ್ಲಿ ಎಂದೋ ನಿಶ್ಚಯಿಸಿದ್ದರು. ಅದು ಗಂಡುಮಕ್ಕಳಿಗೂ ತಿಳಿದೇ ಇದೆಯೆಂಬುದು ಅವರ ನಂಬಿಕೆ.

ಈ ನಂಬಿಕೆಯನ್ನು ಕದಲಿಸಿದವರು ಅವರ ಹಳೆಯ ಶಿಷ್ಯರಾದ ಒಬ್ಬ ವಕೀಲರು. “ಮನಸ್ಸಿನಲ್ಲಿರುವುದು ಕಾನೂನಿಗೆ ಕಾಣುವುದಿಲ್ಲ, ಮೇಷ್ಟ್ರೇ. ಉಯಿಲಿಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮನೆ ಮೂರು ಮಕ್ಕಳಿಗೂ ಸಮಪಾಲು. ನಾಳೆ ಒಬ್ಬರು ಭಾಗ ಕೇಳಿದರೆ ತಂಗಿಯವರು ಎಲ್ಲಿಗೆ ಹೋಗಬೇಕು?” ಎಂದರು. ಬ್ಯಾಂಕಿನ ಠೇವಣಿಗೆ ಮಗಳನ್ನು ನಾಮಿನಿ ಮಾಡಿದ್ದೇನಲ್ಲ ಎಂದು ಮೇಷ್ಟರು ಸಮಾಧಾನ ಪಟ್ಟುಕೊಂಡರೆ ಅದೂ ನಿಲ್ಲಲಿಲ್ಲ. ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳಬಹುದು. ಆ ಹಣ ಯಾರದೆಂಬುದನ್ನು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು ಹೇಳಬೇಕು.

ಹೊಳಲ್ಕೆರೆಯ ತೋಟದ ಮಾತು ಬಂದಾಗ ಮೇಷ್ಟರಿಗೆ ನಿಜವಾಗಿಯೂ ಮುಖಭಂಗವಾಯಿತು. ಅದು ಪಿತ್ರಾರ್ಜಿತ, ಅದರಲ್ಲಿ ತಮ್ಮ ಪಾಲೆಷ್ಟೋ ಅಷ್ಟನ್ನು ಮಾತ್ರ ಉಯಿಲಿನಲ್ಲಿ ಬರೆಯಬಲ್ಲರು. ಗಂಡುಮಕ್ಕಳಂತೆ ಮಗಳಿಗೂ ಅಲ್ಲಿ ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕ 1994ರಲ್ಲಿಯೇ ಈ ಹಕ್ಕನ್ನು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಆ ಭೇದ 2005ರ ಕೇಂದ್ರ ತಿದ್ದುಪಡಿಯಿಂದ ಹೋಯಿತು. ನಲವತ್ತು ವರ್ಷ ‘ನನ್ನ ತೋಟ’ ಎಂದು ಹೇಳಿಕೊಂಡು ಬಂದವರಿಗೆ ಒಂದು ಮಧ್ಯಾಹ್ನದಲ್ಲಿ ಅದು ‘ನಮ್ಮ ತೋಟ’ವಾಯಿತು.

“ಹಾಗಾದರೆ ನಾಳೆಯೇ ಮಗಳನ್ನು ಕರೆದುಕೊಂಡು ಬಂದು ಬರೆಸುತ್ತೇನೆ” ಎಂದರು ಮೇಷ್ಟರು. ವಕೀಲರು ತಲೆಯಾಡಿಸಿದರು. “ಅವರನ್ನು ಮಾತ್ರ ಕರೆತರಬೇಡಿ.”

ಇದಕ್ಕೆ ಕಾರಣವಾಗಿ ಅವರು ಹೇಳಿದ್ದು ಮೈಸೂರು ರಾಜ್ಯದ್ದೇ ಒಂದು ಮೊಕದ್ದಮೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ನಡುವಣ ಆ ವ್ಯಾಜ್ಯವನ್ನು ಸುಪ್ರೀಂ ಕೋರ್ಟು 1958ರ ನವೆಂಬರಿನಲ್ಲಿ ತೀರ್ಮಾನಿಸಿತು. ಒಬ್ಬ ಮಹಿಳೆಯ ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರು. ಅದರಿಂದ ಲಾಭವೂ ಅವರ ಕಡೆಗೇ ಬರುತ್ತಿತ್ತು. ಇಂಥ ಸಂದೇಹವನ್ನು ಕಳೆಯುವ ಹೊಣೆ ಉಯಿಲು ತಂದವರದೇ ಎಂದು ನ್ಯಾಯಾಲಯ ಹೇಳಿತು, ಉಯಿಲು ಬಿದ್ದುಹೋಯಿತು. ಇಂದಿಗೂ ಉಯಿಲಿನ ವ್ಯಾಜ್ಯಗಳಲ್ಲಿ ವಕೀಲರು ಆ ತೀರ್ಪನ್ನು ಉದಾಹರಿಸುತ್ತಾರೆ. ಹನ್ನೆರಡು ವರ್ಷ ಕೈಹಿಡಿದು ನಡೆಸಿದ ಮಗಳು ಆ ಒಂದು ದಿನ ಕೈಹಿಡಿದರೆ, ಅದೇ ಅವಳಿಗೆ ಮುಳುವಾಗಬಹುದು!

ಉಳಿದ ಕ್ರಮ ಬಲು ಸರಳ. ಛಾಪಾ ಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ಎರಡು ಸಾಕ್ಷಿಗಳು ಬೇಕು. ಬರೆದವರು ರುಜು ಮಾಡಿದ್ದನ್ನು ಅವರು ಕಂಡಿರಬೇಕು, ಇಲ್ಲವೆ ‘ಇದು ನನ್ನ ರುಜು’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರೆದುರಿಗೇ ತಾವೂ ರುಜು ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕೇಳುವುದು ಇಷ್ಟೇ. ಮೇಷ್ಟರು ಮೊದಲು ಹೆಸರಿಸಿದ ಸಾಕ್ಷಿಗಳಿಬ್ಬರೂ ಸಂಜೆಯ ವಾಯುಸಂಚಾರದ ಗೆಳೆಯರು, ಎಂಬತ್ತು ದಾಟಿದವರು. ಮುಂದೆ ಕೋರ್ಟಿನಲ್ಲಿ ನಿಂತು ನುಡಿಯಬೇಕಾದವರು ಕಿರಿಯರಾಗಿದ್ದರೆ ಲೇಸೆಂದು ವಕೀಲರು ನಕ್ಕರು. (ಮುಸಲ್ಮಾನ ಕುಟುಂಬಗಳ ದಾರಿ ಬೇರೆ; ಅವರ ಧರ್ಮಶಾಸ್ತ್ರದಂತೆ ಸಾಮಾನ್ಯವಾಗಿ ಮೂರನೆಯ ಒಂದು ಪಾಲಿಗೆ ಮಾತ್ರ ಉಯಿಲು ನಡೆಯುತ್ತದೆ.)

ದುರ್ಗದವರಿಗೆ ದೊಡ್ಡವರ ಉದಾಹರಣೆಯೊಂದು ಊರಿನಲ್ಲಿಯೇ ಇದೆ. ಮುಖ್ಯಮಂತ್ರಿಗಳಾಗಿದ್ದ, ಸ್ವತಃ ವಕೀಲರೂ ಆಗಿದ್ದ ಎಸ್. ನಿಜಲಿಂಗಪ್ಪನವರು 2000ದಲ್ಲಿ ತೀರಿಕೊಂಡರು. ಅವರ ಮನೆಯನ್ನು ಕೊಂಡು ಸ್ಮಾರಕ ಮಾಡಲು ಸರ್ಕಾರ ಹೊರಟಾಗ, ಅವರ ಉಯಿಲಿನ ಮಾತಿನಿಂದಾಗಿ ನೋಂದಣಿಗೆ ತೊಡಕುಂಟಾಯಿತೆಂದು ಪತ್ರಿಕೆಗಳು ಬರೆದವು. 2024ರಲ್ಲಿ ಮನೆ ಮಾರಾಟಕ್ಕಿದೆಯೆಂಬ ಜಾಹೀರಾತೂ ಬಂದಿತು. ಬರೆದವರು ಹೋಗಿ ಎರಡು ದಶಕ ಕಳೆದರೂ ಬರೆದ ಮಾತು ಸರ್ಕಾರವನ್ನೇ ಬಾಗಿಲಲ್ಲಿ ನಿಲ್ಲಿಸಬಲ್ಲುದೆಂದು ಮೇಷ್ಟರಿಗೆ ಆಗ ಮನವರಿಕೆಯಾಯಿತು. ಒಂದೊಂದು ಪದವನ್ನೂ ತೂಗಿ ಬರೆಯತೊಡಗಿದರು.

ಚಕ್ಕುಬಂದಿ, ಸರ್ವೆ ನಂಬರು, ಖಾತೆಯ ವಿವರಗಳಿಗೆ ಒಂದು ದಿನ ಹಿಡಿಯಿತು. ಮನೆ ಗಂಡುಮಕ್ಕಳಿಗೇಕಿಲ್ಲ ಎಂಬ ಒಂದೇ ವಾಕ್ಯಕ್ಕೆ ಹದಿನೈದು ದಿನ! ಕಾರಣ ಹೇಳದೆ ಮಕ್ಕಳನ್ನು ಬಿಟ್ಟರೆ ಅದೂ ಸಂದೇಹಕ್ಕೆ ಎಡೆಯಾದೀತೆಂದು ವಕೀಲರು ಎಚ್ಚರಿಸಿದ್ದರು. ಸಾವಿರಾರು ಹುಡುಗರ ಪ್ರಬಂಧ ತಿದ್ದಿದ ಕೈ ತನ್ನ ವಾಕ್ಯವನ್ನೇ ಹೊಡೆದು ಹೊಡೆದು ಬರೆಯಿತು. ಒಮ್ಮೆ ಬರೆದದ್ದು ದೂರಿನಂತೆ, ಇನ್ನೊಮ್ಮೆ ಬರೆದದ್ದು ಕ್ಷಮಾಪಣೆಯಂತೆ ಕಾಣುತ್ತಿತ್ತು. ಕಡೆಗೆ ಉಳಿದದ್ದು ಇಷ್ಟು: “ಗಂಡುಮಕ್ಕಳಿಬ್ಬರಿಗೂ ಸ್ವಂತ ಮನೆಗಳಿವೆ; ನನ್ನ ಮಗಳಿಗೆ ಇದೊಂದೇ ಮನೆ. ತೆಂಗಿನ ತೋಟ, ನಿವೇಶನ ಅವರಿಬ್ಬರಿಗೆ.”

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರು. ನಾಲ್ಕು ತಾಲ್ಲೂಕುಗಳ ಆಸ್ತಿಗೆ ನಾಲ್ಕು ಕಚೇರಿ ಅಲೆಯಬೇಕಾಗಲಿಲ್ಲ. ಉಯಿಲನ್ನು ಯಾವ ಉಪನೋಂದಣಾಧಿಕಾರಿಯ ಮುಂದೆಯಾದರೂ ಹಾಜರುಪಡಿಸಬಹುದು. ಮನಸ್ಸು ಬದಲಾದರೆ ಬದುಕಿರುವಷ್ಟು ಕಾಲ ಬೇರೆ ಬರೆಯಬಹುದು, ಕಡೆಯದೇ ಊರ್ಜಿತ. ನಕಲನ್ನು ಮೇಷ್ಟರು ಪೆಟ್ಟಿಗೆಯ ತಳಕ್ಕೆ ಸೇರಿಸುವುದರಲ್ಲಿದ್ದರು. ಯಾರಿಗೂ ತಿಳಿಯದ ಉಯಿಲು ಇಲ್ಲದ ಉಯಿಲಿಗೆ ಸಮವೆಂದು ವಕೀಲರು ತಡೆದಾಗ, ಅಲ್ಲಿಂದಲೇ ಇಬ್ಬರು ಗಂಡುಮಕ್ಕಳಿಗೂ ಫೋನು ಮಾಡಿ ವಿಷಯ ತಿಳಿಸಿದರು. ಹಿರಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಸಿಲಿನಲ್ಲಿ ಒಬ್ಬರೇ ಹೋದಿರಾ ಅಪ್ಪಾ?” ಎಂದು ಕೇಳಿದನು.

ಮನೆಗೆ ಬಂದಾಗ ಮಗಳು ಬಾಗಿಲಲ್ಲಿಯೇ ಕಾಯುತ್ತಿದ್ದಳು. ಎಲ್ಲಿಗೆ ಹೋಗಿದ್ದಿರೆಂದು ಕೇಳಿ, ಉತ್ತರಕ್ಕೆ ಕಾಯದೆ, ಕಾಫಿ ಬಿಸಿಮಾಡಲು ಒಳಗೆ ಹೋದಳು.